ಯಾವುದರ ಸಪೋರ್ಟ್ ಅಂತ ಮೊದಲು ಕೇಳಿ

ಹುಬ್ಬಳ್ಳಿಯಲ್ಲಿ ಕೊನೆಯ ವರ್ಷದ ಎಂಜಿನಿಯರಿಂಗ್, ಬಿಸಿಎ ವಿದ್ಯಾರ್ಥಿಗಳು ಮತ್ತು ಅವರ ಮನೆಯವರ ಮುಂದೆ ಆಡಿದ ಮಾತುಗಳ ಬರಹ ರೂಪ

ನಿಮ್ಮಲ್ಲಿ ಕೆಲವರ ಕೈಗೆ ಆಫರ್ ಲೆಟರ್ ಈಗಾಗಲೇ ಬಂದಿದೆ. ಹುದ್ದೆಯ ಹೆಸರು ಟೆಕ್ನಿಕಲ್ ಸಪೋರ್ಟ್ ಎಂಜಿನಿಯರ್. ಕಂಪನಿ ದೊಡ್ಡದು, ಹತ್ತಾರು ದೇಶಗಳಲ್ಲಿ ಆಫೀಸು ಇರುವಂಥದ್ದು. ಕಂಪನಿ ಹೆಸರು ಕೇಳಿ ಮನೆಯಲ್ಲಿ ಪೇಢೆ ಹಂಚಿರುತ್ತಾರೆ. ಹುದ್ದೆ ಹೆಸರು ಕೇಳಿದ ಗೆಳೆಯ ಮಾತ್ರ, "ಕೋಡಿಂಗ್ ಇಲ್ಲೇನಲೇ? ಮತ್ತ ಕಾಲ್ ಸೆಂಟರ್ ಆತಲ್ಲ ಅದು" ಅಂದುಬಿಟ್ಟಿರುತ್ತಾನೆ. ಅಲ್ಲಿಂದ ಶುರು ನೋಡಿ. ಹೋಗಬೇಕೋ ಬೇಡವೋ ಅಂತ ತಲೆಯಲ್ಲಿ ಹುಳ.

ನಾನು ಈ ಕೆಲಸದಲ್ಲಿ ವರ್ಷಗಟ್ಟಲೆ ಇದ್ದವನು. ಆಮೇಲೆ ಇದೇ ಕೆಲಸಕ್ಕೆ ಜನರನ್ನು ಆರಿಸುವ ಕಡೆಯೂ ಕೂತಿದ್ದೇನೆ. ಅದಕ್ಕೇ ಹೇಳುತ್ತೇನೆ, "ಸಪೋರ್ಟ್ ಒಳ್ಳೆಯದಾ, ಡೆವಲಪ್‌ಮೆಂಟ್ ಒಳ್ಳೆಯದಾ" ಅಂತ ಕೇಳಿಕೊಂಡು ಕೂತರೆ ಉತ್ತರ ಸಿಗೋದಿಲ್ಲ. ಯಾವುದರ ಸಪೋರ್ಟ್, ಯಾರಿಗೆ ಸಪೋರ್ಟ್, ನಿಮ್ಮ ಕೈಲಿ ಬಗೆಹರಿಯದ ಸಮಸ್ಯೆ ಆಮೇಲೆ ಯಾರ ಹತ್ತಿರ ಹೋಗುತ್ತದೆ, ಇಷ್ಟನ್ನು ಕೇಳಿ. ಒಂದೇ ಹೆಸರಿನ ಹುದ್ದೆ, ಒಳಗೆ ಮೂರು ಬೇರೆ ಬೇರೆ ಕೆಲಸ ಇರುತ್ತವೆ.

ಒಂದನೆಯದು ಕಂಪನಿಯ ಒಳಗಿನ ಹೆಲ್ಪ್‌ಡೆಸ್ಕ್. ನೌಕರರ ಪಾಸ್‌ವರ್ಡ್ ಮರೆತುಹೋಗಿರುತ್ತದೆ, ವಿಪಿಎನ್ ಕನೆಕ್ಟ್ ಆಗೋದಿಲ್ಲ, ಹೊಸ ಲ್ಯಾಪ್‌ಟಾಪ್‌ಗೆ ಸಾಫ್ಟ್‌ವೇರ್ ಹಾಕಿಕೊಡಬೇಕು. ಎರಡನೆಯದು ಬೇರೆ ಯಾವುದೋ ಕಂಪನಿಯ ಗ್ರಾಹಕರಿಗೆ ಗುತ್ತಿಗೆ ಮೇಲೆ ಉತ್ತರ ಕೊಡುವ ಕೆಲಸ. ಪರದೆ ಮೇಲೆ ಸ್ಕ್ರಿಪ್ಟ್ ಇರುತ್ತದೆ, ಅದನ್ನು ಓದಿಕೊಂಡು ಹೋಗಬೇಕು, ಒಂದೊಂದು ಕರೆ ಎಷ್ಟು ನಿಮಿಷದಲ್ಲಿ ಮುಗಿಯಿತು ಅಂತ ಲೆಕ್ಕ ಇಡುತ್ತಾರೆ. ಮೂರನೆಯದು ಪ್ರಾಡಕ್ಟ್ ಸಪೋರ್ಟ್. ಕಂಪನಿ ತಾನೇ ಮಾಡಿದ ಡೇಟಾಬೇಸೋ, ರೂಟರೋ, ಕ್ಲೌಡ್ ಸೇವೆಯೋ ಇರುತ್ತದೆ. ಅದನ್ನು ಕೊಂಡ ಬ್ಯಾಂಕು, ಆಸ್ಪತ್ರೆ, ಕಾರ್ಖಾನೆಗಳ ಎಂಜಿನಿಯರುಗಳು ತಮಗೆ ಬಗೆಹರಿಯದ್ದನ್ನು ನಿಮ್ಮ ಹತ್ತಿರ ತರುತ್ತಾರೆ. ಕಣ್ಣಿಗೆ ಕಾಣುವಂತೆ ಹೇಳುತ್ತೇನೆ, ಇಲ್ಲದಿದ್ದರೆ ಇದು ಬರೀ ಮಾತಾಗುತ್ತದೆ.

ಜರ್ಮನಿಯ ಒಂದು ಕಂಪನಿಯಿಂದ ಟಿಕೆಟ್, ಅಂದರೆ ನಂಬರ್ ಹಾಕಿ ದಾಖಲಿಸಿದ ದೂರು, ಬಂದಿದೆ ಅಂತ ಇಟ್ಟುಕೊಳ್ಳಿ. ದೂರು ಇಷ್ಟೇ: "ಕೆಲವು ಜನಕ್ಕೆ ಲಾಗಿನ್ ಆಗುತ್ತಿಲ್ಲ. ಎರಡು ಸಲ, ಮೂರು ಸಲ ಮಾಡಿದರೆ ಒಮ್ಮೊಮ್ಮೆ ಆಗುತ್ತದೆ." ಮೊದಲ ಹಂತದವರು, ಅಂದರೆ ಎಲ್1, ಪಾಸ್‌ವರ್ಡ್ ಬದಲಿಸಿ ನೋಡಿದ್ದಾರೆ. ಬ್ರೌಸರ್ ಕ್ಯಾಶ್ ತೆಗೆಸಿದ್ದಾರೆ. ಏನೂ ಆಗಿಲ್ಲ. ಟಿಕೆಟ್ ಎರಡನೇ ಹಂತಕ್ಕೆ, ಅಂದರೆ ಎಲ್2ಗೆ, ನಿಮ್ಮ ಹತ್ತಿರ ಬಂತು. ಯಂತ್ರ ತಾನು ಮಾಡಿದ್ದನ್ನೆಲ್ಲ ಬರೆದಿಡುವ ಲಾಗ್ ಫೈಲ್ ತರಿಸಿಕೊಳ್ಳುತ್ತೀರಿ. ಸಾವಿರಾರು ಸಾಲುಗಳ ನಡುವೆ ಒಂದು ಕಡೆ 'ಕ್ಲಾಕ್ ಸ್ಕ್ಯೂ ಟೂ ಗ್ರೇಟ್' ಅಂತ ಇದೆ. ಅಂದರೆ ಗಡಿಯಾರ ಹೊಂದುತ್ತಿಲ್ಲ. ಅವರ ಲಾಗಿನ್ ನಡೆಯೋದು ಕೆರ್ಬರೋಸ್ ಅನ್ನೋ ವ್ಯವಸ್ಥೆ ಮೇಲೆ. ಎರಡು ಯಂತ್ರಗಳ ಗಡಿಯಾರದಲ್ಲಿ 5 ನಿಮಿಷಕ್ಕಿಂತ ಜಾಸ್ತಿ ವ್ಯತ್ಯಾಸ ಬಂದರೆ ಅದು ಬಾಗಿಲು ಹಾಕಿಬಿಡುತ್ತದೆ, ಸಾಮಾನ್ಯವಾಗಿ ಅದರ ಮಿತಿ ಅಷ್ಟು. ಅಲ್ಲಿ ಮೂರು ಸರ್ವರ್ ಇವೆ. ಮೂರರಲ್ಲೂ ಟೈಮ್ ಎಷ್ಟು ತೋರಿಸುತ್ತದೆ ಅಂತ ಕೇಳುತ್ತೀರಿ. ಎರಡು ಸರಿಯಾಗಿವೆ, ಮೂರನೆಯದು 7 ನಿಮಿಷ ಹಿಂದೆ. ಆ ಮೂರನೇ ಸರ್ವರ್‌ಗೆ ಹೋಗಿ ಬಿದ್ದವರಿಗೆ ಮಾತ್ರ ಲಾಗಿನ್ ಇಲ್ಲ, ಉಳಿದವರಿಗೆ ಇದೆ. "ಕೆಲವು ಜನಕ್ಕೆ" ಅನ್ನೋದರ ಗುಟ್ಟು ಅಲ್ಲಿತ್ತು.

ಅಷ್ಟಕ್ಕೇ ಟಿಕೆಟ್ ಮುಚ್ಚಬಹುದು. ಗಡಿಯಾರ ಸರಿ ಮಾಡಿ ಅಂದರೆ ಆಯಿತು, ಗ್ರಾಹಕ ಖುಷಿ. ಒಳ್ಳೆಯ ಸಪೋರ್ಟ್ ಎಂಜಿನಿಯರ್ ಅಲ್ಲಿ ನಿಲ್ಲೋದಿಲ್ಲ. ಯಾಕೆ ಹಿಂದೆ ಬಿತ್ತು ಅಂತ ಕೆದಕುತ್ತಾನೆ. ನೋಡಿದರೆ ಹಿಂದಿನ ತಿಂಗಳು ನೆಟ್‌ವರ್ಕಿನ ಬಾಗಿಲು ಕಾಯುವ ಫೈರ್‌ವಾಲ್ ಬದಲಿಸಿದ್ದಾರೆ, ಯಂತ್ರಗಳು ಟೈಮ್ ಕೇಳಿಕೊಳ್ಳುವ ಯುಡಿಪಿ 123ನೇ ಪೋರ್ಟ್ ಅನ್ನೋ ದಾರಿ ಆ ಒಂದು ಸರ್ವರ್‌ಗೆ ಮುಚ್ಚಿಹೋಗಿದೆ. ಅದನ್ನು ತೆರೆಸದೇ ಹೋಗಿದ್ದರೆ ಇನ್ನೊಂದಿಷ್ಟು ದಿನಕ್ಕೆ ಅದೇ ಟಿಕೆಟ್ ಮತ್ತೆ ಬರುತ್ತಿತ್ತು.

ಈಗ ಹೇಳಿ, ಇದರಲ್ಲಿ ನೀವು ಏನೇನು ಮುಟ್ಟಿದಿರಿ? ನೆಟ್‌ವರ್ಕ್, ಲಿನಕ್ಸ್, ಸೆಕ್ಯುರಿಟಿ, ಜನರನ್ನು ಬೇರೆ ಬೇರೆ ಸರ್ವರ್‌ಗೆ ಹಂಚುವ ಲೋಡ್ ಬ್ಯಾಲೆನ್ಸರ್. ಒಂದು ಸಾಲು ಕೋಡ್ ಬರೆದಿಲ್ಲ, ನಿಜ. ಆದರೆ ಎಲ್ಲೋ ಕೂತು ಒಂದೇ ಸ್ಕ್ರೀನಿನ ಒಂದೇ ಬಟನ್ನಿಗೆ ಆರು ತಿಂಗಳು ಕೋಡ್ ಬರೆಯುವ ಹುಡುಗನಿಗಿಂತ ನಿಮಗೆ ಜಾಸ್ತಿ ಗೊತ್ತಾಗಿರುತ್ತದೆ. ಇಂಥ ಕೆಲಸ ಸಿಕ್ಕರೆ ಕಣ್ಣು ಮುಚ್ಚಿಕೊಂಡು ಹೋಗಿ ಅನ್ನೋನು ನಾನು.

ಈ ಕೆಲಸದ ತೂಕ ಗೊತ್ತಾಗಬೇಕಾದರೆ 2024ರ ಜುಲೈ 19 ನೆನಪು ಮಾಡಿಕೊಳ್ಳಿ. ಶುಕ್ರವಾರ. ನಮ್ಮ ಸಮಯ ಬೆಳಿಗ್ಗೆ 9:39ಕ್ಕೆ ಕ್ರೌಡ್‌ಸ್ಟ್ರೈಕ್ ಕಂಪನಿ ತನ್ನ ಸೆಕ್ಯುರಿಟಿ ಸಾಫ್ಟ್‌ವೇರಿಗೆ ಒಂದು ತಪ್ಪು ಫೈಲ್ ಕಳಿಸಿತು. 10:57ಕ್ಕೆ ವಾಪಸ್ ತೆಗೆದುಕೊಂಡಿತು. ಅಷ್ಟರೊಳಗೆ ಮೈಕ್ರೋಸಾಫ್ಟ್ ಅಂದಾಜಿನ ಪ್ರಕಾರ 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳು ನೀಲಿ ಪರದೆ ತೋರಿಸಿ ನಿಂತುಬಿಟ್ಟವು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸ್ ಕೈಯಲ್ಲಿ ಬರೆದು ಕೊಟ್ಟರು, ಫೋಟೋ ನೀವೂ ನೋಡಿರುತ್ತೀರಿ. ಸರಿಯಾದ ಫೈಲ್ ಬಂತು, ಆದರೆ ಬಿದ್ದುಹೋದ ಎಷ್ಟೋ ಯಂತ್ರಗಳು ಅದನ್ನು ತೆಗೆದುಕೊಳ್ಳುವಷ್ಟು ಹೊತ್ತು ಏಳುತ್ತಲೇ ಇರಲಿಲ್ಲ. ಸೇಫ್ ಮೋಡಿಗೆ ಹೋಗಿ, ಆ ಫೈಲ್ ಅಳಿಸಿ, ಮತ್ತೆ ಆನ್ ಮಾಡಬೇಕು. ಡಿಸ್ಕ್ ಲಾಕ್ ಆಗಿದ್ದರೆ ಬಿಟ್‌ಲಾಕರ್ ಕೀ ಹುಡುಕಬೇಕು, ಅದು 48 ಅಂಕಿ ಉದ್ದ. ಒಂದೊಂದು ಕಂಪ್ಯೂಟರಿಗೂ ಹೀಗೆ. ಇದನ್ನು ಮಾಡಿದವರು ಯಾರು? ಸಪೋರ್ಟ್‌ನವರು. ಶನಿವಾರ, ಭಾನುವಾರ ಮನೆಗೆ ಹೋಗದೆ ಮಾಡಿದರು. ಆ ಕೆಲಸವನ್ನು ಸಣ್ಣದು ಅಂತ ಯಾರಾದರೂ ಅಂದರೆ ನನಗೆ ಸಿಟ್ಟು ಬರುತ್ತದೆ.

ಹಾಗಂತ ಸಿಕ್ಕ ಸಪೋರ್ಟ್ ಕೆಲಸಕ್ಕೆಲ್ಲ ಹೋಗಿ ಅಂತ ಹೇಳುತ್ತಿಲ್ಲ. ಬರೀ ಸ್ಕ್ರಿಪ್ಟ್ ಓದುವ ಎಲ್1 ಕೆಲಸಕ್ಕೆ ಈಗ ಹೋಗೋದು ಬೇಡ ಅನ್ನೋದು ನನ್ನ ಖಚಿತ ಅಭಿಪ್ರಾಯ. ಪಾಸ್‌ವರ್ಡ್ ರೀಸೆಟ್, 'ಆಫ್ ಮಾಡಿ ಆನ್ ಮಾಡಿ', ಆರ್ಡರ್ ಎಲ್ಲಿದೆ, ಇಂಥದ್ದನ್ನು ಕಂಪನಿಗಳು ಚಾಟ್‌ಬಾಟ್‌ಗಳಿಗೆ ಒಪ್ಪಿಸುತ್ತಿವೆ. ನೀವು ಎರಡು ವರ್ಷ ಮಾಡಿ ಕಲಿತದ್ದು ಯಂತ್ರ ಮಾಡುವ ಕೆಲಸ ಆಗಿಬಿಟ್ಟರೆ ಮುಂದಿನ ಇಂಟರ್‌ವ್ಯೂನಲ್ಲಿ ಏನು ಹೇಳುತ್ತೀರಿ? ಮನೆಯಲ್ಲಿ ತುಂಬಾ ಅಡಚಣೆ ಇದೆ, ಸಂಬಳ ಬೇಕೇ ಬೇಕು ಅಂದರೆ ಮಾತು ಬೇರೆ. ಆಗ ಹೋಗಿ, ಆದರೆ ಸಂಜೆ ಅಥವಾ ಬೆಳಿಗ್ಗೆ ಒಂದು ತಾಸು ಲಿನಕ್ಸೋ, ಎಸ್‌ಕ್ಯೂಎಲ್ಲೋ, ಸಿಸಿಎನ್‌ಎ ಪರೀಕ್ಷೆಗೆ ನೆಟ್‌ವರ್ಕಿಂಗೋ ಏನಾದರೂ ಓದುವುದನ್ನು ಬಿಡಬೇಡಿ.

ಯಾವ ಕೆಲಸ ಅಂತ ಗೊತ್ತು ಮಾಡಿಕೊಳ್ಳೋದು ಹೇಗೆ? ಇಂಟರ್‌ವ್ಯೂ ಕೊನೆಗೆ "ನಿಮಗೆ ಏನಾದರೂ ಕೇಳೋದಿದೆಯಾ" ಅಂತಾರಲ್ಲ, ನಮ್ಮ ಕಡೆ ಹುಡುಗರು ಸಂಕೋಚದಿಂದ "ಏನಿಲ್ಲ ಸರ್" ಅಂದು ಎದ್ದುಬಿಡುತ್ತಾರೆ. ಏಳಬೇಡಿ. ನಾನು ಯಾವ ಹಂತದಲ್ಲಿ ಸೇರುತ್ತೇನೆ, ಎಲ್1ಗೋ ಎಲ್2ಗೋ, ಅಂತ ಕೇಳಿ. ಗ್ರಾಹಕರ ಲಾಗ್ ನೋಡಲು ನನಗೆ ಅನುಮತಿ ಇರುತ್ತದಾ ಕೇಳಿ. ನನ್ನ ಕೈಲಿ ಆಗದ ಟಿಕೆಟ್ ಪ್ರಾಡಕ್ಟ್ ಬರೆದ ಎಂಜಿನಿಯರ್‌ಗೆ ಹೋದಾಗ ನಾನೂ ಆ ಮಾತುಕತೆಯಲ್ಲಿ ಇರುತ್ತೇನಾ, ಇಲ್ಲ ನನ್ನ ಕೈಬಿಟ್ಟು ಹೋಗುತ್ತದಾ? ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಇದೇ. ಮಾತುಕತೆಯಲ್ಲಿ ಇದ್ದವನು ಕಲಿಯುತ್ತಾನೆ. ಟಿಕೆಟ್ ಕಳಿಸಿ ಮರೆತವನು ಎಲ್ಲಿದ್ದನೋ ಅಲ್ಲೇ ಇರುತ್ತಾನೆ. ಕೊನೆಗೆ, ನನ್ನನ್ನು ಯಾವುದರ ಮೇಲೆ ಅಳೆಯುತ್ತೀರಿ ಅಂತ ಕೇಳಿ. ಸಮಸ್ಯೆ ಬಗೆಹರಿದಿದ್ದರ ಮೇಲೆ, ಗ್ರಾಹಕ ಕೊಟ್ಟ ರೇಟಿಂಗ್ ಮೇಲೆ ಅಂದರೆ ಒಳ್ಳೆಯದು. ದಿನಕ್ಕೆ ಎಷ್ಟು ಕರೆ, ಕರೆಗೆ ಎಷ್ಟು ನಿಮಿಷ ಅಂತ ಶುರು ಮಾಡಿದರೆ ಅದು ಎರಡನೇ ಜಾತಿಯ ಕೆಲಸ ಅಂತ ತಿಳಿಯಿರಿ.

ಇಲ್ಲೊಂದು ಬೇರೆ ಮಾತು ಬರುತ್ತದೆ, ಇಂಗ್ಲಿಷ್‌ನದು. ಹಾವೇರಿ, ಗದಗ ಜಿಲ್ಲೆಯ ಹಳ್ಳಿಗಳಿಂದ ಬಂದು ಕನ್ನಡ ಮೀಡಿಯಂನಲ್ಲಿ ಓದಿದವರು ಇಲ್ಲಿ ಬಹಳ ಇದ್ದೀರಿ. ಅಮೆರಿಕದವರ ಜೊತೆ ಫೋನಲ್ಲಿ ಮಾತಾಡಬೇಕು ಅಂದ ಕೂಡಲೇ ಎದೆ ಢವಢವ. ಅವರು ಮಾತಾಡೋದು ಮೊದಲ ತಿಂಗಳು ಅರ್ಥ ಆಗೋದಿಲ್ಲ, ಅದು ಎಲ್ಲರಿಗೂ ಹಾಗೇ, ಬೆಂಗಳೂರಿನ ಕಾನ್ವೆಂಟ್ ಹುಡುಗರಿಗೂ. ಪ್ರಾಡಕ್ಟ್ ಸಪೋರ್ಟಿನಲ್ಲಿ ಮಾತಿಗಿಂತ ಬರಹ ಜಾಸ್ತಿ. ಟಿಕೆಟ್‌ನಲ್ಲಿ ನಾಲ್ಕು ಸಾಲು ಸ್ಪಷ್ಟವಾಗಿ ಬರೆಯಲು ಬಂದರೆ ಮುಕ್ಕಾಲು ಗೆದ್ದ ಹಾಗೆ: ನಾನು ಏನು ಕಂಡೆ, ಏನು ಮಾಡಿ ನೋಡಿದೆ, ನಿಮ್ಮಿಂದ ಏನು ಬೇಕು, ಮುಂದಿನ ಸುದ್ದಿ ಎಷ್ಟು ಗಂಟೆಗೆ ಕೊಡುತ್ತೇನೆ. ಆ ಕೊನೆಯ ಸಾಲು ಬಹಳ ಮುಖ್ಯ. ನಾಲ್ಕು ಗಂಟೆಗೆ ಹೇಳುತ್ತೇನೆ ಅಂದರೆ, ಉತ್ತರ ಸಿಗದಿದ್ದರೂ ನಾಲ್ಕು ಗಂಟೆಗೆ ಬರೆಯಬೇಕು, "ಇನ್ನೂ ಸಿಕ್ಕಿಲ್ಲ, ಹುಡುಕುತ್ತಿದ್ದೇವೆ" ಅಂತಾದರೂ. ಗ್ರಾಹಕರು ಸುಮ್ಮನಿದ್ದುಬಿಡುವವರ ಮೇಲೆ ಸಿಟ್ಟಾಗುತ್ತಾರೆ, ವ್ಯಾಕರಣ ತಪ್ಪಿದವರ ಮೇಲಲ್ಲ.

ಇನ್ನು ಪಾಳಿ. ಇದನ್ನು ತಂದೆ-ತಾಯಂದಿರೂ ಗಮನ ಕೊಟ್ಟು ಕೇಳಿ.

ದೊಡ್ಡ ಕಂಪನಿಗಳು ಸೂರ್ಯನ ಹಿಂದೆ ಹೋದ ಹಾಗೆ ಕೆಲಸ ಹಂಚುತ್ತವೆ. ನಮ್ಮ ಹಗಲಿನಲ್ಲಿ ನಾವು, ಆಮೇಲೆ ಯುರೋಪಿನವರು, ಆಮೇಲೆ ಅಮೆರಿಕದವರು. ಹೀಗಿದ್ದರೆ ನಿಮಗೆ ಬೆಳಗಿನ ಪಾಳಿ ಸಿಗಬಹುದು. ಆದರೆ ಎಷ್ಟೋ ತಂಡಗಳು ಅಮೆರಿಕದ ಗ್ರಾಹಕರನ್ನೂ ಇಲ್ಲಿಂದಲೇ ನೋಡುತ್ತವೆ. ಲೆಕ್ಕ ಹಾಕಿ: ನ್ಯೂಯಾರ್ಕಿನಲ್ಲಿ ಬೆಳಿಗ್ಗೆ 9 ಅಂದರೆ ಬೇಸಿಗೆಯಲ್ಲಿ ನಮಗೆ ಸಂಜೆ 6:30, ಚಳಿಗಾಲದಲ್ಲಿ 7:30. ಅವರು ವರ್ಷಕ್ಕೆ ಎರಡು ಸಲ, ಮಾರ್ಚ್‌ನಲ್ಲಿ ಮತ್ತು ನವೆಂಬರ್‌ನಲ್ಲಿ ಗಡಿಯಾರ ಬದಲಿಸುತ್ತಾರೆ, ನಿಮ್ಮ ಊಟ-ನಿದ್ದೆಯೂ ಅದರ ಜೊತೆ ಬದಲಾಗುತ್ತದೆ. ಕ್ಯಾಲಿಫೋರ್ನಿಯಾ ಆದರೆ ಶುರುವಾಗೋದೇ ರಾತ್ರಿ 9:30ಕ್ಕೆ ಅಥವಾ 10:30ಕ್ಕೆ. ಬ್ರಿಟನ್ ಗ್ರಾಹಕರಾದರೆ ಪರವಾಗಿಲ್ಲ, ಮಧ್ಯಾಹ್ನ ಒಂದೂವರೆಗೋ ಎರಡೂವರೆಗೋ ಶುರು, ರಾತ್ರಿ ಹನ್ನೊಂದರ ಹೊತ್ತಿಗೆ ರೂಮಿಗೆ ಬರುತ್ತೀರಿ. ಆದ್ದರಿಂದ "ಶಿಫ್ಟ್ ಇದೆಯಾ" ಅಂತ ಕೇಳಬೇಡಿ, ಎಲ್ಲರೂ "ರೊಟೇಷನಲ್" ಅಂತಾರೆ. ಯಾವ ದೇಶದ ಗ್ರಾಹಕರು, ಒಂದು ಪಾಳಿ ಎಷ್ಟು ವಾರ ಇರುತ್ತದೆ ಅಂತ ಕೇಳಿ. ವಾರಕ್ಕೊಮ್ಮೆ ಪಾಳಿ ತಿರುಗಿಸೋದು ಮೈಗೆ ಎಲ್ಲಕ್ಕಿಂತ ಕಷ್ಟ. ಇಡೀ ಮೂರು ತಿಂಗಳು ರಾತ್ರಿ ಅಂದರೆ ದೇಹ ಸ್ವಲ್ಪ ಹೊಂದಿಕೊಳ್ಳುತ್ತದೆ. ವಾರ ರಾತ್ರಿ, ವಾರ ಹಗಲು ಅಂದರೆ ಯಾವತ್ತೂ ಹೊಂದಿಕೊಳ್ಳೋದಿಲ್ಲ.

ಇನ್ನೂ ಒಂದಿದೆ, ಯಾರೂ ಮೊದಲೇ ಹೇಳೋದಿಲ್ಲ. ರಜೆ. ನಿಮ್ಮ ವಾರದ ರಜೆ ಮಂಗಳವಾರ-ಬುಧವಾರ ಬರಬಹುದು. ರಾತ್ರಿ ರೈಲು ಹತ್ತಿ ಬೆಳಿಗ್ಗೆ ಹುಬ್ಬಳ್ಳಿಗೆ ಬಂದಿಳಿದರೆ ಅಣ್ಣ ಆಫೀಸಿಗೆ ಹೋಗಿರುತ್ತಾನೆ, ಗೆಳೆಯರು ಯಾರೂ ಸಿಗೋದಿಲ್ಲ. ಗಣೇಶ ಚೌತಿಗೆ, ಶಿವರಾತ್ರಿಯ ಸಿದ್ಧಾರೂಢರ ಜಾತ್ರೆಗೆ ರಜೆ ಇರಲಿಕ್ಕಿಲ್ಲ. ಅಮೆರಿಕದವರ ಥ್ಯಾಂಕ್ಸ್‌ಗಿವಿಂಗ್‌ಗೆ ಇರುತ್ತದೆ. ಅವ್ವ "ಹಬ್ಬಕ್ಕೂ ಬರಲಿಲ್ಲಲ್ಲೋ" ಅಂತ ಫೋನಲ್ಲಿ ಕಣ್ಣೀರು ಹಾಕುವ ಮೊದಲು ಈ ಮಾತು ಮನೆಯಲ್ಲಿ ಆಗಿಬಿಡಲಿ. ಹೆಣ್ಣುಮಕ್ಕಳ ಮನೆಯವರಿಗೆ: ರಾತ್ರಿ ಪಾಳಿ ಇದ್ದರೆ ಕಂಪನಿಯೇ ವಾಹನ ಕೊಡಬೇಕು ಅನ್ನೋದು ಕರ್ನಾಟಕದಲ್ಲಿ ಐಟಿ ಕಂಪನಿಗಳಿಗೆ ಇರುವ ನಿಯಮ. ಅದು ಉಪಕಾರ ಅಲ್ಲ. ಮನೆ ಬಾಗಿಲಿಗೆ ಬರುತ್ತದೋ, ದೊಡ್ಡ ರಸ್ತೆಯಲ್ಲಿ ಇಳಿಸಿ ಹೋಗುತ್ತದೋ ಅಂತ ಕೇಳಿ ತಿಳಿದುಕೊಳ್ಳಿ. ರಾತ್ರಿ ಅಂದ ಮಾತ್ರಕ್ಕೆ ಮಗಳಿಗೆ ಬೇಡ ಅಂದುಬಿಡಬೇಡಿ, ದಯವಿಟ್ಟು.

ಧಾರವಾಡದ ಸಪ್ತಾಪುರದಲ್ಲಿ ರೂಮ್ ಮಾಡಿಕೊಂಡು ಕೆಎಎಸ್, ಪಿಎಸ್‌ಐ ಅಂತ ಓದುವ ಯೋಚನೆ ಇರುವವರಿಗೂ ಒಂದು ಮಾತು. "ಕೆಲಸ ಮಾಡ್ತಾ ಓದ್ತೀನಿ" ಅಂತ ಸಪೋರ್ಟ್ ಸೇರಿದವರನ್ನು ನೋಡಿದ್ದೇನೆ. ಹಗಲು ಪಾಳಿ ಆದರೆ ಆದೀತು. ರಾತ್ರಿ ಪಾಳಿಯಲ್ಲಿ ಆಗೋದಿಲ್ಲ. ಅಂಥವರು ಒಂದನ್ನು ಆರಿಸಿಕೊಳ್ಳುವುದೇ ಒಳ್ಳೆಯದು.

ದುಡ್ಡಿನ ಮಾತಿಗೆ ಬರೋಣ. ಆಫರ್‌ನಲ್ಲಿ ವರ್ಷಕ್ಕೆ 4.5 ಲಕ್ಷ ಸಿಟಿಸಿ, ಅಂದರೆ ಕಂಪನಿ ನಿಮ್ಮ ಮೇಲೆ ಮಾಡುವ ಒಟ್ಟು ಖರ್ಚು, ಅಂತ ಇದೆ ಅಂದುಕೊಳ್ಳಿ. ಅಪ್ಪ ಅದನ್ನು ಹನ್ನೆರಡರಿಂದ ಭಾಗಿಸಿ 37,500 ಅಂತ ಬೀಗರ ಮುಂದೆ ಹೇಳಿರುತ್ತಾರೆ. ಬಿಡಿಸಿ ನೋಡಿ. ಮೂಲ ವೇತನ ಅರ್ಧ, ಅಂದರೆ ವರ್ಷಕ್ಕೆ 2,25,000. ಅದರ ಮೇಲೆ ಕಂಪನಿಯ ಪಾಲಿನ ಪಿಎಫ್ ಶೇ. 12, ಅಂದರೆ 27,000, ಅದೂ ಸಿಟಿಸಿ ಒಳಗೇ. ಗ್ರಾಚ್ಯುಟಿ ಶೇ. 4.81, ಸುಮಾರು 10,800, ಇದು ಸಾಮಾನ್ಯವಾಗಿ ಐದು ವರ್ಷ ಇದ್ದರೆ ಕೈಗೆ ಬರುವಂಥದ್ದು. ಕೆಲಸ ನೋಡಿ ಕೊಡುವ ವೇರಿಯಬಲ್ ಸಿಟಿಸಿಯ ಶೇ. 10, ಅಂದರೆ 45,000, ಕೊಟ್ಟರೆ ಕೊಟ್ಟರು. ಇಷ್ಟು ತೆಗೆದರೆ ತಿಂಗಳಿಗೆ 30,600ರ ಆಸುಪಾಸು. ಅದರಲ್ಲಿ ನಿಮ್ಮ ಪಾಲಿನ ಪಿಎಫ್ 2,250, ವೃತ್ತಿ ತೆರಿಗೆ 200 ಹೋಗಿ ಕೈಗೆ ಸುಮಾರು 28,100. ಬೆಂಗಳೂರಿನ ಪಿಜಿ, ಊಟ, ಓಡಾಟ ಎಲ್ಲ ಇದರಲ್ಲೇ. ರಾತ್ರಿ ಪಾಳಿ ಭತ್ಯೆ ಇದರ ಮೇಲೆ ಬರುತ್ತದೋ, ಇದರೊಳಗೇ ಸೇರಿದೆಯೋ ಅಂತಲೂ ಕೇಳಿ.

ಆಫರ್ ಲೆಟರ್ ಯಾರ ಹೆಸರಲ್ಲಿದೆ ನೋಡಿ. ದೊಡ್ಡ ಕಂಪನಿ ಹೆಸರು ಹೇಳಿ ಇಂಟರ್‌ವ್ಯೂ ಮಾಡಿರುತ್ತಾರೆ, ಪತ್ರ ಮಾತ್ರ ಬೇರೆ ಯಾವುದೋ ಏಜೆನ್ಸಿಯದ್ದು. ಅಂದರೆ ನೀವು ಕೂರೋದು ಆ ಆಫೀಸಿನಲ್ಲಿ, ಆದರೆ ನೌಕರ ಈ ಏಜೆನ್ಸಿಯವನು. ಕೆಲಸ ಚೆನ್ನಾಗಿದ್ದರೆ ಅದೂ ತಪ್ಪಲ್ಲ, ಆದರೆ ಗೊತ್ತಿದ್ದು ಸಹಿ ಮಾಡಿ. ಒಳಗೆ ಡೆವಲಪ್‌ಮೆಂಟ್ ತಂಡಕ್ಕೆ ಹೋಗುವ ದಾರಿ ಸಾಮಾನ್ಯವಾಗಿ ಕಂಪನಿಯ ಸ್ವಂತ ನೌಕರರಿಗೆ ಮಾತ್ರ ಇರುತ್ತದೆ. ಸೇರುವ ಮುಂಚೆ ದುಡ್ಡು ಕೇಳಿದರೆ, ಡಿಪಾಸಿಟ್ ಅನ್ನಲಿ, ಟ್ರೇನಿಂಗ್ ಅನ್ನಲಿ, ಲ್ಯಾಪ್‌ಟಾಪ್ ಅನ್ನಲಿ, ಅದು ಮೋಸ. ಮುಂದೆ ಮಾತೇ ಬೇಡ.

ಕೆಲಸ ಬಿಡುವುದರ ಮೇಲೆ ಷರತ್ತು ಹಾಕುವ ಬಾಂಡ್ ಬಗ್ಗೆ ಬಹಳ ಜನ ಚೀಟಿ ಕಳಿಸಿದ್ದೀರಿ. ಕೆಲಸ ಬಿಟ್ಟ ಮೇಲೆ ಇನ್ನೊಂದು ಕಂಪನಿ ಸೇರಬಾರದು ಅನ್ನೋ ಷರತ್ತು 1872ರ ಕರಾರು ಕಾಯ್ದೆಯ 27ನೇ ಕಲಮಿನ ಮುಂದೆ ನಿಲ್ಲೋದಿಲ್ಲ. ಆದರೆ ಇಷ್ಟು ವರ್ಷ ಇರದಿದ್ದರೆ ಇಷ್ಟು ಹಣ ಕೊಡಬೇಕು ಅನ್ನೋದು ಬೇರೆ. "ಬಾಂಡ್ ಎಲ್ಲ ಸುಮ್ನೆ, ಕೋರ್ಟಿನಲ್ಲಿ ನಡೆಯೋದಿಲ್ಲ" ಅಂತ ಸೀನಿಯರ್‌ಗಳು ಹೇಳೋದನ್ನು ನಂಬಬೇಡಿ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ವಿಜಯಾ ಬ್ಯಾಂಕ್ ಪ್ರಕರಣದಲ್ಲಿ, ಮೂರು ವರ್ಷ ಮುಗಿಸದೆ ಬಿಟ್ಟ ಅಧಿಕಾರಿಗೆ ಹಾಕಿದ್ದ 2 ಲಕ್ಷ ರೂಪಾಯಿಯ ಷರತ್ತನ್ನು ಎತ್ತಿಹಿಡಿದಿದೆ. ಅದು ಸರ್ಕಾರಿ ಬ್ಯಾಂಕು, ನೇಮಕಾತಿಗೆ ಖರ್ಚು ಮಾಡಿರುತ್ತದೆ ಅನ್ನೋದನ್ನು ಕೋರ್ಟ್ ನೋಡಿತು. ಖಾಸಗಿ ಕಂಪನಿಗೆ ಅದು ಹಾಗೇ ಅನ್ವಯ ಆಗಲೇಬೇಕು ಅಂತಿಲ್ಲ. ಆದರೂ ಸಹಿ ಮಾಡಿದ್ದು ಸಹಿಯೇ. ಮಾರ್ಕ್ಸ್ ಕಾರ್ಡಿನ ಅಸಲು ಪ್ರತಿ ಇಟ್ಟುಕೊಳ್ಳುತ್ತೇವೆ ಅಂದರೆ ಕೊಡಲೇಬೇಡಿ, ತೋರಿಸಿ ವಾಪಸ್ ತನ್ನಿ.

"ಒಮ್ಮೆ ಸಪೋರ್ಟ್‌ಗೆ ಹೋದರೆ ಹೊರಗೆ ಬರೋಕಾಗಲ್ಲ ಅಂತಾರಲ್ಲ ಸರ್" ಅಂತ ಹಿಂದಿನ ಸಾಲಿನಿಂದ ಕೇಳಿದರು. ಬರಬಹುದು. ಸೇವೆ ನಿಲ್ಲದಂತೆ ನೋಡಿಕೊಳ್ಳುವ ಸೈಟ್ ರಿಲಯಬಿಲಿಟಿ, ಬರೆದ ಕೋಡನ್ನು ಸರ್ವರ್‌ಗೆ ತಲುಪಿಸಿ ನಡೆಸುವ ಡೆವ್‌ಆಪ್ಸ್, ಟೆಸ್ಟಿಂಗ್, ಡೇಟಾಬೇಸ್ ಅಡ್ಮಿನ್, ಟೆಕ್ನಿಕಲ್ ಅಕೌಂಟ್ ಮ್ಯಾನೇಜರ್, ಇವೆಲ್ಲಕ್ಕೂ ಪ್ರಾಡಕ್ಟ್ ಸಪೋರ್ಟಿನಿಂದ ಜನ ಹೋಗುತ್ತಾರೆ. ಡೆವಲಪ್‌ಮೆಂಟಿಗೆ ಹೋಗೋದು ಸ್ವಲ್ಪ ಕಷ್ಟ, ಆದರೆ ಆಗುತ್ತದೆ. ತಾನಾಗಿ ಆಗೋದಿಲ್ಲ ಅಷ್ಟೇ. ದಿನಾ ಬರುವ ಒಂದೇ ಥರದ ಟಿಕೆಟ್‌ಗೆ ಪೈಥಾನ್‌ನಲ್ಲಿ ಒಂದು ಸಣ್ಣ ಸ್ಕ್ರಿಪ್ಟ್ ಬರೆಯಿರಿ, ಲಾಗಿನಲ್ಲಿ ಆ ದೋಷ ತಾನೇ ಹುಡುಕುವಂಥದ್ದು. ತಂಡದ ಉಳಿದವರೂ ಅದನ್ನು ಬಳಸಲು ಶುರು ಮಾಡಿದರೆ ಮ್ಯಾನೇಜರ್‌ಗೆ ಗೊತ್ತಾಗುತ್ತದೆ. ಒಳಗಿನ ವರ್ಗಾವಣೆಗೆ ಎಷ್ಟು ತಿಂಗಳು ಕಾಯಬೇಕು, ನಿಮ್ಮ ತಂಡದಿಂದ ಹಿಂದೆ ಯಾರಾದರೂ ಹೋಗಿದ್ದಾರಾ ಅಂತ ಸೇರುವ ಮೊದಲೇ ಕೇಳಿಡಿ. "ಯಾರೂ ಹೋಗಿಲ್ಲ" ಅನ್ನೋದೂ ಒಂದು ಉತ್ತರ.

ಕೊನೆಯ ಪ್ರಶ್ನೆ ಒಬ್ಬ ತಾಯಿಯದು. "ಮೂರು ದಿನದಾಗ ಹೂಂ ಅನ್ನಬೇಕು ಅಂತ ಬರದಾರ್ರೀ. ಇಷ್ಟೆಲ್ಲಾ ಕೇಳಿದ್ರ ನೌಕರಿ ತಪ್ಪಿ ಹೋದ್ರ ಏನ್ ಮಾಡೋದು?" ತಪ್ಪೋದಿಲ್ಲ ಅಕ್ಕಾರ. ಇವೆಲ್ಲ ಕೇಳಬೇಕಾದ ಪ್ರಶ್ನೆಗಳು ಅಂತ ಆಯ್ಕೆ ಮಾಡುವವರಿಗೂ ಗೊತ್ತಿದೆ, ನಾನು ಆ ಕುರ್ಚಿಯಲ್ಲಿ ಕೂತಾಗ ಕೇಳಿದವರನ್ನೇ ಹೆಚ್ಚು ಮೆಚ್ಚುತ್ತಿದ್ದೆ. ಇವತ್ತು ಸಂಜೆಯೇ ಮಗನಿಂದ ಎಚ್‌ಆರ್‌ಗೆ ಒಂದು ಮೇಲ್ ಬರೆಸಿ. ಆಫರ್‌ಗೆ ಧನ್ಯವಾದ ಅಂತ ಒಂದು ಸಾಲು. ಆಮೇಲೆ ಯಾವ ಪ್ರಾಡಕ್ಟ್, ಯಾವ ಹಂತ, ಯಾವ ದೇಶದ ಗ್ರಾಹಕರು, ಪಾಳಿ ಎಷ್ಟು ವಾರಕ್ಕೊಮ್ಮೆ ಬದಲಾಗುತ್ತದೆ, ಬಾಂಡ್ ಇದೆಯಾ, ಇದ್ದರೆ ಎಷ್ಟು. ಇಷ್ಟೇ ಕೇಳಲಿ, ಉದ್ದ ಬೇಡ. ನಾಳೆ ಮಧ್ಯಾಹ್ನದವರೆಗೆ ಉತ್ತರ ಬರದಿದ್ದರೆ ಫೋನ್ ಮಾಡಲಿ. ಫೋನಲ್ಲಿ ಅವರು ಹೇಳಿದ್ದನ್ನು "ನೀವು ಹೀಗೆ ಹೇಳಿದಿರಿ" ಅಂತ ಮತ್ತೆ ಮೇಲ್‌ನಲ್ಲಿ ಬರೆದು ಕಳಿಸಲಿ. ಪ್ರಾಡಕ್ಟ್ ಹೆಸರು ಹೇಳಿ, ಲಾಗ್ ನೋಡುವ ಕೆಲಸ ಇದೆ ಅಂದರೆ, ಪಾಳಿ ಮನೆಯವರಿಗೂ ಒಪ್ಪಿಗೆ ಆದರೆ, ಮೂರನೇ ದಿನದವರೆಗೆ ಕಾಯಬೇಡಿ, ಅವತ್ತೇ ಹೂಂ ಅನ್ನಲಿ. ಪ್ರಾಡಕ್ಟ್ ಯಾವುದು ಅಂತಲೇ ಹೇಳಲು ಅವರು ತಯಾರಿಲ್ಲ, ಮೊದಲು ಸೇರಿ ಆಮೇಲೆ ಗೊತ್ತಾಗುತ್ತದೆ ಅಂದರೆ, ಬಾಂಡ್ ಇರುವ ಪತ್ರಕ್ಕೆ ಸಹಿ ಬೇಡ.